ದೊಡ್ಡಮ್ಮನ ಉಸಿರು, ನನ್ನ ಫೀಸು

ಕಳೆದ ಮಾರ್ಚ್‌ನಲ್ಲಿ ದೊಡ್ಡಮ್ಮನನ್ನು ಮೈಸೂರಿನ ಒಂದು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆ. ಪಾಂಡವಪುರದ ಹತ್ತಿರ ನಮ್ಮೂರು. ಬಸ್ಸಿಳಿದು ಆಟೋ ನಿಂತಿದ್ದ ಕಡೆಗೆ ನಡೆಯುವಷ್ಟರಲ್ಲಿ ಅವರು ಎರಡು ಸಲ ನಿಂತರು. "ಏನಿಲ್ಲ ಕಣಪ್ಪ, ಸ್ವಲ್ಪ ದಮ್ಮು" ಅಂದರು. ಆ ಸ್ವಲ್ಪ ದಮ್ಮಿಗೆ ಆಗಲೇ ಮೂರು ವರ್ಷ ಆಗಿತ್ತು.

ಡಾಕ್ಟರು ಮೊದಲು ಕೇಳಿದ್ದು, "ಅಮ್ಮಾ, ಬೀಡಿ ಗೀಡಿ ಸೇದ್ತಿದ್ರಾ?" ಅಂತ. ದೊಡ್ಡಮ್ಮ ಗಾಬರಿಯಾಗಿ ನನ್ನ ಮುಖ ನೋಡಿದರು. "ಅಯ್ಯೋ ಶಿವನೇ, ನಾನ್ಯಾಕಪ್ಪ ಬೀಡಿ ಸೇದ್ಲಿ?"

"ಸರಿ. ಸೌದೆ ಒಲೆ ಎಷ್ಟು ವರ್ಷ?"

ದೊಡ್ಡಮ್ಮ ಬೆರಳು ಮಡಿಸಿ ಲೆಕ್ಕ ಹಾಕಿದರು. ಹದಿನೇಳಕ್ಕೆ ಮದುವೆ. ಗ್ಯಾಸು ಬಂದಾಗ ಐವತ್ತೆಂಟು. "ನಲವತ್ತರ ಮೇಲೊಂದು" ಅಂದರು. ಡಾಕ್ಟರು ಅದನ್ನು ಚೀಟಿಯಲ್ಲಿ ಬರೆದುಕೊಂಡರು. ಬೀಡಿ ಸೇದುವವರಿಗೆ ದಿನಕ್ಕೆ ಎಷ್ಟು, ಎಷ್ಟು ವರ್ಷ ಅಂತ ಬರೆಯುತ್ತಾರಲ್ಲ, ಹಾಗೇ.

ಆಮೇಲೆ ಪಕ್ಕದ ಕೋಣೆಯಲ್ಲಿ ಊದುವ ಪರೀಕ್ಷೆ. ಮೂಗಿಗೆ ಕ್ಲಿಪ್ಪು, ಬಾಯಿಗೆ ರಟ್ಟಿನ ಕೊಳವೆ. "ಜೋರಾಗಿ ಊದಿ, ಊದಿ, ಊದಿ, ನಿಲ್ಲಿಸ್ಬೇಡಿ" ಅಂತ ಹುಡುಗಿ ಕೂಗುತ್ತಿದ್ದಳು. ದೊಡ್ಡಮ್ಮ ಊದಿದರು. ಪುಸ್ ಅಂತ ಒಂದು ಸಲ, ತಕ್ಷಣ ಮುಖ ಪಕ್ಕಕ್ಕೆ. ಮತ್ತೆ ಪುಸ್, ಮತ್ತೆ ಮುಖ ಪಕ್ಕಕ್ಕೆ. "ಹಂಗಲ್ಲಮ್ಮಾ, ಒಂದೇ ಉಸಿರಲ್ಲಿ ಖಾಲಿ ಮಾಡ್ಬೇಕು." ಮೂರು ಸಲ ಹೇಳಿಕೊಟ್ಟರೂ ಅದೇ. ಆ ಹುಡುಗಿಗೆ ಅರ್ಥವಾಗಲಿಲ್ಲ. ನನಗೆ ಆಯಿತು. ಊದುಕೊಳವೆಯಿಂದ ಒಲೆ ಊದುವವರು ಹಾಗೇ ಊದೋದು. ಊದಿದ ಕೂಡಲೇ ಹೊಗೆ ಮುಖಕ್ಕೆ ನುಗ್ಗುತ್ತದೆ, ಅದಕ್ಕೇ ಕತ್ತು ತಿರುಗಿಸಬೇಕು. ನಲವತ್ತೊಂದು ವರ್ಷದ ಅಭ್ಯಾಸ. ಎದುರಿಗೆ ಒಲೆ ಇಲ್ಲದಿದ್ದರೂ ಕತ್ತು ತಾನಾಗಿ ತಿರುಗುತ್ತಿತ್ತು.

ಕೊನೆಗೆ ಬಂದ ಲೆಕ್ಕ ನೂರಕ್ಕೆ 52. ಅವರ ವಯಸ್ಸು, ಎತ್ತರಕ್ಕೆ ಮೊದಲ ಸೆಕೆಂಡಿನಲ್ಲಿ ಎಷ್ಟು ಗಾಳಿ ಹೊರಗೆ ಬರಬೇಕೋ ಅದರಲ್ಲಿ ಅರ್ಧ ಮಾತ್ರ ಬರುತ್ತಿದೆ. ಸಿಒಪಿಡಿ, ಅಂದರೆ ಉಸಿರಿನ ದಾರಿ ಕಿರಿದಾಗುವ ಶ್ವಾಸಕೋಶದ ಕಾಯಿಲೆ ಅಂದರು. ಹೋದ ಶಕ್ತಿ ವಾಪಸ್ ಬರೋದಿಲ್ಲ, ಇರೋದನ್ನ ಉಳಿಸಿಕೊಳ್ಳಬೇಕು ಅಂತಲೂ ಅಂದರು.

ನಾನು ಪಿಯು ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳಿಕೊಡುತ್ತೇನೆ. ತಲಾ ಆದಾಯ, ಸರಾಸರಿ ಆಯಸ್ಸು, ಮಾನವ ಅಭಿವೃದ್ಧಿ ಸೂಚ್ಯಂಕ ಎಲ್ಲ ಪ್ರತಿ ವರ್ಷ ಬೋರ್ಡಿನ ಮೇಲೆ ಬರೆಯೋದೇ. ಆ ದಿನ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ರಿಪೋರ್ಟು ಹಿಡಿದುಕೊಂಡಾಗ, ನಾನು ಇಷ್ಟು ವರ್ಷ ಹೇಳಿದ ಪಾಠದಲ್ಲಿ ಒಂದು ಮಾತು ಬಿಟ್ಟುಹೋಗಿತ್ತು ಅನ್ನಿಸಿತು. ಅದನ್ನು ಬರೆಯಲೇಬೇಕು ಅಂತ ಕೂತಿದ್ದೇನೆ.

ಮೊದಲು ಪಾಠದ ಭಾಗ. ಸ್ಯಾಮ್ಯುಯೆಲ್ ಪ್ರೆಸ್ಟನ್ ಅಂತ ಅಮೆರಿಕದ ಜನಸಂಖ್ಯಾ ತಜ್ಞರು. 1975ರಲ್ಲಿ ಅವರು ಒಂದು ಚಿತ್ರ ಬರೆದು ತೋರಿಸಿದರು. ಅಡ್ಡಕ್ಕೆ ದೇಶದ ತಲಾ ಆದಾಯ, ಉದ್ದಕ್ಕೆ ಜನರ ಸರಾಸರಿ ಆಯಸ್ಸು. ಒಂದೊಂದು ದೇಶಕ್ಕೆ ಒಂದೊಂದು ಚುಕ್ಕಿ. ಚುಕ್ಕಿಗಳ ನಡುವೆ ಗೆರೆ ಎಳೆದರೆ ಅದು ಚಾಮುಂಡಿ ಬೆಟ್ಟದ ಮೆಟ್ಟಿಲಿನ ಹಾಗೆ ಕಾಣುತ್ತದೆ. ನಂದಿವರೆಗೆ ಕಡಿದು, ಏದುಸಿರು. ಅಲ್ಲಿಂದಾಚೆ ಸಲೀಸು. ಬಡ ದೇಶಕ್ಕೆ ಸ್ವಲ್ಪ ಆದಾಯ ಹೆಚ್ಚಾದರೂ ಆಯಸ್ಸು ಜಿಗಿಯುತ್ತದೆ. ಹೊಟ್ಟೆಗೆ ಸಿಗುತ್ತೆ, ಕುಡಿಯೋ ನೀರು ಸಿಗುತ್ತೆ, ಹೆರಿಗೆಗೆ ಆಸ್ಪತ್ರೆ ಸಿಗುತ್ತೆ. ಶ್ರೀಮಂತ ದೇಶಕ್ಕೆ ಅಷ್ಟೇ ದುಡ್ಡು ಸೇರಿದರೆ ಆಯಸ್ಸು ಹೆಚ್ಚುಕಮ್ಮಿ ಇದ್ದಲ್ಲೇ ಇರುತ್ತದೆ.

ಮಕ್ಕಳು ಇದನ್ನು ಬೇಗ ಹಿಡಿಯುತ್ತಾರೆ. ಪ್ರೆಸ್ಟನ್ ಹೇಳಿದ ಇನ್ನೊಂದು ಮಾತು ನನಗೆ ಇದಕ್ಕಿಂತ ದೊಡ್ಡದು. ಆ ಗೆರೆ ನಿಂತಲ್ಲಿ ನಿಲ್ಲಲ್ಲ. ಕಾಲ ಕಳೆದ ಹಾಗೆ ಇಡೀ ಗೆರೆಯೇ ಮೇಲಕ್ಕೆ ಏರುತ್ತದೆ. 1930ರ ದಶಕದಲ್ಲಿ ಒಂದು ಆದಾಯಕ್ಕೆ ಎಷ್ಟು ವರ್ಷ ಬದುಕುತ್ತಿದ್ದರೋ, 1960ರ ದಶಕದಲ್ಲಿ ಅದೇ ಆದಾಯಕ್ಕೆ ಅದಕ್ಕಿಂತ ಎಷ್ಟೋ ಜಾಸ್ತಿ ಬದುಕಿದರು. ಆ ಮೂವತ್ತು ವರ್ಷದಲ್ಲಿ ಜಗತ್ತಿನ ಆಯಸ್ಸು ಹೆಚ್ಚಿದ್ದರಲ್ಲಿ ನೂರಕ್ಕೆ 75ರಿಂದ 90 ಪಾಲು ಆದಾಯ ಬೆಳೆದದ್ದರಿಂದ ಬಂದದ್ದಲ್ಲ ಅಂತ ಅವರು ಲೆಕ್ಕ ಕೊಟ್ಟರು. ಲಸಿಕೆ, ಔಷಧಿ, ಚರಂಡಿ, ಸೊಳ್ಳೆ ನಿಯಂತ್ರಣ, ರೋಗ ಹೇಗೆ ಹರಡುತ್ತೆ ಅನ್ನೋ ತಿಳಿವಳಿಕೆ, ಇಂಥವುಗಳ ಪಾಲು ಅದು.

ಮೈಸೂರಿನವರಿಗೆ ಇದನ್ನು ಹೇಳಲು ಬೇರೆ ಉದಾಹರಣೆ ಬೇಕಿಲ್ಲ. ನಮ್ಮ ಹತ್ತನೇ ಚಾಮರಾಜ ಒಡೆಯರು 1894ರ ಡಿಸೆಂಬರಿನಲ್ಲಿ ಕಲ್ಕತ್ತಾದಲ್ಲಿ ತೀರಿಕೊಂಡರು. ಗಂಟಲಮಾರಿ, ಅಂದರೆ ಡಿಫ್ತೀರಿಯಾ. ಅವರಿಗಾಗ ಬರೀ 31 ವರ್ಷ. ಅವರ ಮಗಳು ಕೃಷ್ಣಾಜಮ್ಮಣ್ಣಿಯವರು ಕ್ಷಯದಿಂದ ಹೋದರು. ಅವರ ಮಕ್ಕಳನ್ನೂ ಆ ಕಾಯಿಲೆ ಬಿಡಲಿಲ್ಲ. ಅವರ ನೆನಪಿಗೆ 1921ರಲ್ಲಿ ಎದ್ದದ್ದೇ ಕೆ.ಆರ್.ಎಸ್. ರಸ್ತೆಯ ಪಿ.ಕೆ.ಟಿ.ಬಿ. ಕ್ಷಯ ಆಸ್ಪತ್ರೆ. ಆ ರಸ್ತೆಯಲ್ಲಿ ಓಡಾಡುವಾಗಲೆಲ್ಲ ನನಗೆ ಅದೇ ಯೋಚನೆ. ಅರಮನೆಯಲ್ಲಿ ದುಡ್ಡಿಗೆ ಕೊರತೆಯೇ? ವೈದ್ಯರಿಗೆ ಕೊರತೆಯೇ? ಕ್ಷಯಕ್ಕೆ ಮೊದಲ ನಿಜವಾದ ಔಷಧಿ ಸ್ಟ್ರೆಪ್ಟೊಮೈಸಿನ್ ಸಿಕ್ಕಿದ್ದು 1943ರಲ್ಲಿ. ಇವತ್ತು ನಮ್ಮೂರ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೂಲಿಯವರ ಮಗುವಿಗೂ ಗಂಟಲಮಾರಿಯ ಲಸಿಕೆ ಪುಕ್ಕಟೆ. ಅಂದು ಮಹಾರಾಜರಿಗೆ ಸಿಗದ ವರ್ಷಗಳು ಇಂದು ಆ ಮಗುವಿಗೆ ಸಿಗುತ್ತಿವೆ. ಸ್ವಾತಂತ್ರ್ಯ ಬಂದಾಗ ಭಾರತೀಯರ ಸರಾಸರಿ ಆಯಸ್ಸು ಸುಮಾರು 32. ಈಗ 70ರ ಆಸುಪಾಸು. ಇದು ಸಣ್ಣ ಸಾಧನೆ ಅಲ್ಲ. ಇದನ್ನು ನೆನೆದಾಗ ನನಗೆ ಈಗಲೂ ಮೈ ನವಿರೇಳುತ್ತದೆ.

ಪಕ್ಕದ ಮನೆಯನ್ನೇ ನೋಡಿ. ಗುಂಡ್ಲುಪೇಟೆ ದಾಟಿದರೆ ವಯನಾಡು. ಕರ್ನಾಟಕದ ತಲಾ ಆದಾಯ ಈಗ ಕೇರಳಕ್ಕಿಂತ ಜಾಸ್ತಿ. ಆಯಸ್ಸಿನಲ್ಲಿ ಮಾತ್ರ ಅವರು ಸುಮಾರು 75, ನಾವು 70ರ ಹತ್ತಿರ. ಐದು ವರ್ಷ ಅಂದರೆ ಒಬ್ಬ ಅಜ್ಜಿ ಮೊಮ್ಮಗನನ್ನು ಅಂಗನವಾಡಿಗೆ ಬಿಡೋದರಿಂದ ಹಿಡಿದು ಅವನು ಮೂರನೇ ಕ್ಲಾಸು ಪಾಸಾಗೋದನ್ನ ನೋಡುವಷ್ಟು ಕಾಲ. ಶಾಲೆ, ನರ್ಸು, ಹೆಣ್ಣುಮಕ್ಕಳ ಓದು, ಊರೂರಿಗೆ ಆಸ್ಪತ್ರೆ ಅಂತ ಕೇರಳ ಎಷ್ಟೋ ದಶಕದಿಂದ ಮಾಡಿದ ಖರ್ಚಿನ ಫಲ ಅದು.

ಇಲ್ಲಿವರೆಗೆ ನಾನು ಪಾಠದಲ್ಲೂ ಹೇಳುತ್ತಿದ್ದೆ. ಬಿಟ್ಟುಹೋಗಿದ್ದು ಹೊಗೆ.

ನಮ್ಮ ದೊಡ್ಡಪ್ಪನದ್ದು ಆಲೆಮನೆ. ಮನೆಯ ಹಿತ್ತಲಿಗೆ ಅಂಟಿಕೊಂಡೇ ಇದೆ. ನನಗೆ ಒಂಬತ್ತು ವರ್ಷವಿದ್ದಾಗ ಅಪ್ಪ ಹೋದರು. ಆಮೇಲೆ ನನ್ನನ್ನು ಓದಿಸಿದ್ದು ದೊಡ್ಡಪ್ಪ. ಹೈಸ್ಕೂಲು, ಮಹಾರಾಜ ಕಾಲೇಜು, ಮಾನಸಗಂಗೋತ್ರಿ, ಎಲ್ಲದರ ಫೀಸೂ ಬೆಲ್ಲದಿಂದಲೇ ಬಂದದ್ದು. ಮಂಡ್ಯದ ಮಾರುಕಟ್ಟೆಯಲ್ಲಿ ಬೆಲ್ಲಕ್ಕೆ ರೇಟು ಬಂದ ವಾರ ನನಗೆ ಹೊಸ ಚಪ್ಪಲಿ. ಬಿದ್ದ ವಾರ ಹಾಸ್ಟೆಲ್ ಬಾಕಿ.

ಆಲೆಮನೆ ನೋಡದವರಿಗೆ ಎರಡು ಮಾತು. ಗಾಣಕ್ಕೆ ಕಬ್ಬು ಕೊಟ್ಟರೆ ಒಂದು ಕಡೆ ಹಾಲು, ಇನ್ನೊಂದು ಕಡೆ ರಚ್ಚು, ಅಂದರೆ ಹಿಂಡಿದ ಕಬ್ಬಿನ ಸಿಪ್ಪೆ. ಹಾಲು ಕೊಪ್ಪರಿಗೆಗೆ ಹೋಗುತ್ತದೆ. ರಚ್ಚನ್ನು ಬಯಲಲ್ಲಿ ಹರಡಿ ಒಣಗಿಸಿ ಕೊಪ್ಪರಿಗೆಯ ಕೆಳಗಿನ ಒಲೆಗೆ ಹಾಕುತ್ತಾರೆ. ಗಂಟೆಗಟ್ಟಲೆ ಉರಿ ಒಂದೇ ಸಮ ಇರಬೇಕು. ರಚ್ಚು ಚೆನ್ನಾಗಿ ಒಣಗಿದ್ದರೆ ಹೊಗೆ ತೆಳ್ಳಗೆ, ಬೆಳ್ಳಗೆ. ಹಸಿ ಇದ್ದರೆ ದಪ್ಪ ಬೂದು. ಮಳೆ ಹಿಡಿದರೆ ಕಷ್ಟ. ಈಚಿನ ವರ್ಷಗಳಲ್ಲಿ ಒಣ ರಚ್ಚು ಸಾಲದಾದಾಗ ಸುತ್ತಮುತ್ತ ಕೆಲವು ಕಡೆ ಹಳೇ ಟೈರು, ಪ್ಲಾಸ್ಟಿಕ್ಕು ಸುಡೋದನ್ನ ನಾನೇ ಕಣ್ಣಾರೆ ನೋಡಿದ್ದೇನೆ. ಆ ಹೊಗೆ ಕರ್ರಗೆ ಇರುತ್ತದೆ, ಬಾಯಲ್ಲಿ ಕಹಿ ಉಳಿಯುತ್ತದೆ. ಬಟ್ಟೆ ಒಣಹಾಕಿದ ಹೆಂಗಸರು ಮೊದಲು ಬೈಯುತ್ತಾರೆ.

ಬೆಳಗ್ಗೆ ಐದಕ್ಕೆ ದೊಡ್ಡಮ್ಮನ ಒಲೆ. ಆರಕ್ಕೆ ಆಲೆಮನೆಯ ಒಲೆ. ಅಡುಗೆಮನೆಯ ಹೆಂಚಿನ ಕೆಳಗೆ ಮಸಿ ಜೇಡರ ಬಲೆಯ ಹಾಗೆ ನೇತಾಡುತ್ತಿತ್ತು. ದೀಪಾವಳಿಗೆ ಮುಂಚೆ ಪೊರಕೆ ಕಟ್ಟಿ ಅದನ್ನು ಬಡಿಯೋ ಕೆಲಸ ನನ್ನದು. ಮೂಗು ಒರೆಸಿಕೊಂಡರೆ ಬಟ್ಟೆ ಎರಡು ದಿನ ಕಪ್ಪು. ನಾನು ಹದಿನೈದನೇ ವರ್ಷಕ್ಕೆ ಹಾಸ್ಟೆಲಿಗೆ ಬಂದೆ. ದೊಡ್ಡಮ್ಮ ಅಲ್ಲೇ ಇದ್ದರು.

ಹೀಗಾಗಿ ಆದಾಯವೂ ಹೊಗೆಯೂ ಹೊರಟದ್ದು ಒಂದೇ ಒಲೆಯಿಂದ. ಆದಾಯ ನನ್ನ ಕಡೆ ಬಂತು. ಹೊಗೆ ದೊಡ್ಡಮ್ಮನ ಕಡೆ ಹೋಯಿತು. ಸರಾಸರಿ ತೆಗೆದರೆ ನಮ್ಮ ಮನೆ ಉದ್ಧಾರವಾಗಿದೆ. ತಲಾ ಆದಾಯ ಏರಿದೆ, ಮನೆಯಲ್ಲೊಬ್ಬ ಲೆಕ್ಚರರ್ ಇದ್ದಾನೆ. ಊದುವ ಪರೀಕ್ಷೆಯ ಆ 52 ಯಾವ ಸರಾಸರಿಯಲ್ಲೂ ಕಾಣೋದಿಲ್ಲ.

ಇದು ನಮ್ಮ ಮನೆಯ ಕಥೆ ಮಾತ್ರ ಅಲ್ಲ. ಚೀನಾದ ಹುವಾಯ್ ನದಿಯ ಕಥೆ ಓದಿದಾಗ ನನಗೆ ನಮ್ಮ ಹಿತ್ತಲೇ ಕಣ್ಣ ಮುಂದೆ ಬಂತು. 1950ರಿಂದ 1980ರವರೆಗೆ ಅಲ್ಲಿನ ಸರಕಾರ ಆ ನದಿಯ ಉತ್ತರಕ್ಕಿದ್ದವರಿಗೆ ಚಳಿಗಾಲದಲ್ಲಿ ಮನೆ ಬೆಚ್ಚಗಿಡಲು ಕಲ್ಲಿದ್ದಲನ್ನು ಪುಕ್ಕಟೆ ಕೊಟ್ಟಿತು. ದಕ್ಷಿಣಕ್ಕೆ ಕೊಡಲಿಲ್ಲ, ಎಲ್ಲರಿಗೂ ಕೊಡುವಷ್ಟು ಇರಲಿಲ್ಲ. ಆಗ ಕಟ್ಟಿದ ಬಾಯ್ಲರುಗಳು ಆಮೇಲೂ ಉರಿದವು. ಎಷ್ಟೋ ವರ್ಷದ ಮೇಲೆ ಸಂಶೋಧಕರು ನದಿಯ ಎರಡು ದಡದ ಜನರನ್ನು ಹೋಲಿಸಿದರು. 2017ರಲ್ಲಿ ಬಂದ ಲೆಕ್ಕದಂತೆ ಉತ್ತರದವರ ಆಯಸ್ಸು 3.1 ವರ್ಷ ಕಡಿಮೆ. ಚಳಿಯಲ್ಲಿ ಕಾಪಾಡಲಿ ಅಂತ ಪ್ರೀತಿಯಿಂದಲೇ ಕೊಟ್ಟ ಕಲ್ಲಿದ್ದಲು ಅದು.

ಆ ಕೆಲಸದ ಆಧಾರದ ಮೇಲೆ ಷಿಕಾಗೊ ವಿಶ್ವವಿದ್ಯಾಲಯದವರು ಒಂದು ಅಳತೆ ಮಾಡಿದ್ದಾರೆ. ಪಿಎಂ 2.5 ಅಂದರೆ ತಲೆಕೂದಲಿನ ದಪ್ಪದಲ್ಲಿ ಮೂವತ್ತನೇ ಒಂದರಷ್ಟು ಸಣ್ಣ ಕಣ. ಮೂಗು ತಡೆಯಲ್ಲ, ಗಂಟಲು ತಡೆಯಲ್ಲ. ಶ್ವಾಸಕೋಶದ ತಳ ಮುಟ್ಟಿ, ಕೆಲವು ರಕ್ತಕ್ಕೂ ಇಳಿಯುತ್ತವೆ. ಅದಕ್ಕೇ ಹೊಗೆ ಹೃದಯಕ್ಕೂ ಮಿದುಳಿಗೂ ಕೇಡು ಮಾಡೋದು. ಒಂದು ಘನ ಮೀಟರ್ ಗಾಳಿಯಲ್ಲಿ ಇಂಥ ಕಣ 10 ಮೈಕ್ರೋಗ್ರಾಂ ಜಾಸ್ತಿ ಇದ್ದು, ಜನ ಅದನ್ನೇ ಜೀವನಪೂರ್ತಿ ಉಸಿರಾಡಿದರೆ ಸರಾಸರಿ ಆಯಸ್ಸಿನಲ್ಲಿ ಹತ್ತಿರಹತ್ತಿರ ಒಂದು ವರ್ಷ ಹೋಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹಾಕಿದ ಮಿತಿ ವರ್ಷದ ಸರಾಸರಿ 5. ನಮ್ಮ ದೇಶದ ಮಿತಿ 40. ನಡುವಿನ ಅಂತರ 35. ಅಂದರೆ ನಮ್ಮ ಕಾನೂನನ್ನು ಚಾಚೂ ತಪ್ಪದೆ ಪಾಲಿಸಿದ ಊರಿನಲ್ಲೂ ಸುಮಾರು ಮೂರೂವರೆ ವರ್ಷ ಸೋರಿಹೋಗಬಹುದು. ಈ ಲೆಕ್ಕವನ್ನು ಕ್ಲಾಸಿನಲ್ಲಿ ಬೋರ್ಡಿನ ಮೇಲೆ ಮಾಡಿದಾಗ ಹಿಂದಿನ ಬೆಂಚಿನ ಒಬ್ಬ ಹುಡುಗ, "ಸಾರ್, ಹಂಗಾದ್ರೆ ಪಾಸ್ ಮಾರ್ಕ್ಸೇ ತಪ್ಪಲ್ವಾ?" ಅಂದ. ತಪ್ಪೇ. ಅದಕ್ಕಿಂತ ಚೆನ್ನಾಗಿ ನಾನು ಹೇಳಲಾರೆ.

ದುಡ್ಡು ಬಂದರೆ ಹೊಗೆ ತಾನಾಗೇ ಹೋಗುತ್ತದೆ ಅನ್ನೋ ನಂಬಿಕೆ ನಮ್ಮ ಪಠ್ಯಗಳಲ್ಲೂ ಇದೆ, ನಮ್ಮ ಮಾತಿನಲ್ಲೂ ಇದೆ. ಮೊದಲು ಬೆಳೆಯೋಣ, ಆಮೇಲೆ ತೊಳೆಯೋಣ. ಇದನ್ನು ನಾನು ಒಪ್ಪೋದಿಲ್ಲ. 1952ರಲ್ಲಿ ಲಂಡನ್ ಜಗತ್ತಿನ ದೊಡ್ಡ ಶ್ರೀಮಂತ ಊರುಗಳಲ್ಲೊಂದು. ಆ ಡಿಸೆಂಬರ್ 5ರಿಂದ ಐದು ದಿನ ಕಲ್ಲಿದ್ದಲಿನ ಹೊಗೆ ಮಂಜಿನ ಜೊತೆ ಸೇರಿ ಊರ ಮೇಲೆ ಕೂತುಬಿಟ್ಟಿತು. ಮೊದಲು ಲೆಕ್ಕಕ್ಕೆ ಸಿಕ್ಕ ಸಾವು ಸುಮಾರು 4,000. ಆಮೇಲಿನ ತಿಂಗಳುಗಳನ್ನೂ ಸೇರಿಸಿದ ಅಂದಾಜು 12,000ದವರೆಗೆ ಹೋಗುತ್ತದೆ. ದುಡ್ಡಿತ್ತು, ಗಾಳಿ ಇರಲಿಲ್ಲ. 1956ರಲ್ಲಿ ಶುದ್ಧ ಗಾಳಿಯ ಕಾಯ್ದೆ ಬಂದ ಮೇಲೆ ಒಲೆಗಳು ಬದಲಾದವು. ಅಮೆರಿಕದಲ್ಲೂ ಹಾಗೇ. ಅಲ್ಲಿನ 51 ಊರುಗಳ ಲೆಕ್ಕ 2009ರಲ್ಲಿ ಬಂತು. 1980ರ ಸುಮಾರಿನಿಂದ ಇಪ್ಪತ್ತು ವರ್ಷದಲ್ಲಿ ಕಣಗಳು 10 ಮೈಕ್ರೋಗ್ರಾಂ ಇಳಿದ ಕಡೆ ಆಯಸ್ಸು ಏಳು ತಿಂಗಳಿಗೂ ಹೆಚ್ಚು ಏರಿತ್ತು. ಚೀನಾ 2013ರ ಮೇಲೆ ಪಟ್ಟು ಹಿಡಿದು ಹತ್ತು ವರ್ಷದೊಳಗೆ ತನ್ನ ಗಾಳಿಯ ಕಣಗಳನ್ನು ನೂರಕ್ಕೆ ಸುಮಾರು 40 ಪಾಲು ಇಳಿಸಿತು. ಆದಾಯವೇನೂ ನಿಲ್ಲಲಿಲ್ಲ, ಬೆಳೀತಾನೇ ಇತ್ತು.

ನಮ್ಮ ದೇಶದ ಲೆಕ್ಕದಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಒಂದು ಸಂಗತಿ. 2019ರಲ್ಲಿ ಭಾರತದಲ್ಲಿ ಗಾಳಿ ಮಾಲಿನ್ಯದಿಂದ ಆದ ಸಾವು ಸುಮಾರು 16.7 ಲಕ್ಷ ಅಂತ ಅಂದಾಜು. ಅದೇ ಅಧ್ಯಯನದ ಒಳಗೆ ಇನ್ನೆರಡು ಅಂಕಿ ಇವೆ. 1990ರಿಂದ 2019ರೊಳಗೆ ಮನೆಯೊಳಗಿನ ಹೊಗೆಯಿಂದ ಸಾಯುವವರ ಪ್ರಮಾಣ ನೂರಕ್ಕೆ 64 ಪಾಲು ಇಳಿದಿದೆ. ಹೊರಗಿನ ಗಾಳಿಯ ಕಣಗಳಿಂದ ಸಾಯುವವರ ಪ್ರಮಾಣ ದುಪ್ಪಟ್ಟಿಗಿಂತ ಜಾಸ್ತಿ ಏರಿದೆ. ನಮ್ಮ ಆದಾಯ ಹೊಗೆಯನ್ನು ಅಡುಗೆಮನೆಯಿಂದ ಎತ್ತಿ ರಸ್ತೆಗೆ ಹಾಕಿತು. ಮೊದಲಿನ ಅರ್ಧಕ್ಕೆ ನಾನು ನಿಜವಾಗಿ ಕೃತಜ್ಞ. 2016ರಲ್ಲಿ ಉಜ್ವಲಾ ಶುರುವಾಗಿ ಮರುವರ್ಷವೇ ನಮ್ಮೂರಿನ ಎಷ್ಟೋ ಮನೆಗೆ ಸಿಲಿಂಡರು ಬಂತು, ದೊಡ್ಡಮ್ಮನ ಮನೆಗೂ. ಗೃಹಲಕ್ಷ್ಮಿಯ 2,000 ರೂಪಾಯಿ ಬಂದ ಮೇಲೆ ಸಿಲಿಂಡರು ತುಂಬಿಸೋಕೆ ಗಂಡನ ಕೈ ನೋಡಬೇಕಿಲ್ಲ ಅಂತ ಊರಿನ ಹೆಂಗಸರು ಹೇಳುತ್ತಾರೆ. ಆದಾಯ ಉಸಿರಾಗಿ ಬದಲಾಗೋದು ಅಂದರೆ ಇದೇ ಅಲ್ವಾ? ಆದರೂ ಬಚ್ಚಲ ಹಂಡೆಗೆ ಇನ್ನೂ ಸೌದೆಯೇ. ಸೌದೆಗೆ ದುಡ್ಡು ಕೊಡಬೇಕಿಲ್ಲ, ಸಿಲಿಂಡರಿಗೆ ಕೊಡಬೇಕು.

ಎರಡನೇ ಅರ್ಧ ನಾನಿರುವ ಕಡೆಯದ್ದು. ಮೈಸೂರು ಪಿಂಚಣಿದಾರರ ಸ್ವರ್ಗ ಅಂತ ಹೆಸರಾದ ಊರು. ನಾಲ್ಕು ವರ್ಷ ಜಾಸ್ತಿ ಬದುಕೋಣ ಅಂತಲೇ ಇಲ್ಲಿಗೆ ಬರುವವರಿದ್ದಾರೆ. ದೆಹಲಿಯ ಗಾಳಿಗೂ ಇಲ್ಲಿಯ ಗಾಳಿಗೂ ಹೋಲಿಕೆಯಿಲ್ಲ, ನಿಜ. ಆದರೆ ಕುಕ್ಕರಹಳ್ಳಿ ಕೆರೆಯಲ್ಲಿ ಬೆಳಗಿನ ವಾಕಿಂಗ್ ಮುಗಿಸಿ ಹೊರಗೆ ಬಂದರೆ ಫುಟ್‌ಪಾತಿನ ಪಕ್ಕ ಗುಡಿಸಿದ ಎಲೆಗೆ ಬೆಂಕಿ ಇಟ್ಟಿರುತ್ತಾರೆ, ಜೊತೆಗೆ ಒಂದಷ್ಟು ಪ್ಲಾಸ್ಟಿಕ್ ಕವರು. ಪೊರಕೆ ಹಿಡಿದ ಪೌರಕಾರ್ಮಿಕ ಹೆಂಗಸು ಸೆರಗು ಮೂಗಿಗೆ ಒತ್ತಿಕೊಂಡು ಪಕ್ಕದಲ್ಲೇ ನಿಂತಿರುತ್ತಾಳೆ. ವಾಕಿಂಗಿನವರು ಮುಖ ತಿರುಗಿಸಿ ಕಾರು ಹತ್ತುತ್ತಾರೆ. ನಾನೂ ಎಷ್ಟೋ ದಿನ ಸುಮ್ನೆ ಹಾದುಹೋಗಿದ್ದೇನೆ. ಆಸ್ಪತ್ರೆಯಿಂದ ಬಂದ ಮೇಲೆ ಆಗುತ್ತಿಲ್ಲ. ಈಗ ನಿಂತು ಮಾತಾಡುತ್ತೇನೆ. ನಮ್ಮ ಬೀದಿಯಲ್ಲಿ ನಾಲ್ಕು ಮನೆಯವರು ಸೇರಿ ಖಾಲಿ ಸೈಟಿನ ಮೂಲೆಯಲ್ಲಿ ಎಲೆಗೊಬ್ಬರಕ್ಕೆ ಗುಂಡಿ ತೋಡಿಸಿದ್ದೇವೆ. ಬೀದಿ ಗುಡಿಸುವಾಕೆ ಈಗ ಎಲೆಯನ್ನು ಅಲ್ಲಿಗೇ ತಂದು ಸುರಿಯುತ್ತಾಳೆ. ಸಣ್ಣ ಕೆಲಸ. ಆದರೆ ಅವಳ ಶ್ವಾಸಕೋಶವೂ ನಮ್ಮದೂ ಒಂದೇ.

ಲಸಿಕೆಗೂ ಗಾಳಿಗೂ ಇರುವ ಹೋಲಿಕೆ ಇಲ್ಲೇ. ಒಡೆಯರ ಕಾಲದಲ್ಲಿ ಗಂಟಲಮಾರಿಯಿಂದ ಒಂದು ಮನೆ ತಾನೊಂದೇ ತಪ್ಪಿಸಿಕೊಳ್ಳಲು ಆಗುತ್ತಿರಲಿಲ್ಲ, ಆ ಮನೆ ಅರಮನೆಯಾದರೂ. ಗಾಳಿಯದ್ದೂ ಹಾಗೇ. ದುಡ್ಡಿದ್ದವರು ಕೋಣೆಗೊಂದು ಗಾಳಿ ಶುದ್ಧ ಮಾಡುವ ಯಂತ್ರ ಇಟ್ಟುಕೊಳ್ಳಬಹುದು. ಬಾಗಿಲು ತೆಗೆದರೆ ಎಲ್ಲರ ಗಾಳಿಯೇ.

ದೊಡ್ಡಪ್ಪನ ಹತ್ತಿರ ಇದೆಲ್ಲ ಮಾತಾಡಿದೆ. ಆಲೆಮನೆ ಮುಚ್ಚಿ ಅನ್ನಲು ನನಗೆ ಬಾಯಿಲ್ಲ. ಅದರಲ್ಲಿ ಎಂಟು ಜನ ಕೆಲಸ ಮಾಡುತ್ತಾರೆ, ಸುತ್ತಲಿನ ರೈತರ ಕಬ್ಬು ಅಲ್ಲಿಗೆ ಬರುತ್ತದೆ. ಕೇಳಿದ್ದು ಮೂರೇ. ಸುಡೋಕೆ ಹಳೇ ಟೈರು ತರುವ ಗಾಡಿ ನಮ್ಮ ಗೇಟಿನೊಳಗೆ ಬರಬಾರದು. ರಚ್ಚು ಒಣಗಿಸಿ ಇಡೋಕೆ ತಗಡಿನ ಶೆಡ್ಡು ಹಾಕಿಸಬೇಕು, ಅದರ ಖರ್ಚು ನನ್ನದು. ಚಿಮಣಿಯನ್ನು ಎತ್ತರಿಸಬೇಕು. ದೊಡ್ಡಪ್ಪ ಸುಮಾರು ಹೊತ್ತು ಸುಮ್ಮನಿದ್ದರು. ಆಮೇಲೆ, "ನಿಮ್ಮ ದೊಡ್ಡಮ್ಮನ ದಮ್ಮು ಇದರಿಂದ್ಲೇ ಅಂತೀಯಾ?" ಅಂದರು. ಒಲೆಯಿಂದಲೂ, ಇದರಿಂದಲೂ ಅಂದೆ. ಅವರು ಟವೆಲ್ಲಿನಲ್ಲಿ ಮುಖ ಒರೆಸಿಕೊಂಡು ಕೊಪ್ಪರಿಗೆಯ ಕಡೆ ಹೋದರು. ಶೆಡ್ಡು ಮೇ ತಿಂಗಳಲ್ಲಿ ಎದ್ದಿತು. ಚಿಮಣಿ ಇನ್ನೂ ಆಗಿಲ್ಲ.

ಮಳೆಗಾಲದಲ್ಲಿ ಗಾಣ ನಿಂತಿತ್ತು. ಈಗ ಮತ್ತೆ ಶುರುವಾಗುತ್ತದೆ. ಚಿಮಣಿ ಆಗುವವರೆಗೆ ಮೈಸೂರಿಗೆ ಬಂದಿರಿ ಅಂತ ದೊಡ್ಡಮ್ಮನಿಗೆ ಫೋನು ಮಾಡಿದ್ದೆ. "ಬತ್ತೀನಿ ಕಣಪ್ಪ, ಹಸ ಕರು ಹಾಕ್ಲಿ" ಅಂದರು. ಮಾತಿನ ನಡುವೆ ಉಸಿರಿಗೆ ನಿಂತರು. ನಾನು ಕಾದೆ. "ಇನ್ಹೇಲರು ಬೆಳಗ್ಗೆ ಸಂಜೆ ತಗೋತಾ ಇದ್ದೀರಾ?" ಅಂತ ಕೇಳಿದೆ. "ತಗೋತಿದೀನಿ. ಒಂದೇ ಉಸಿರಲ್ಲಿ ಎಳ್ಕೊಳೋದು ಈಗ ಬಂದದೆ" ಅಂದರು.

ಹಿಂದಿನ ಕೋಣೆಯನ್ನು ಖಾಲಿ ಮಾಡಿ ಸುಣ್ಣ ಹೊಡೆಸಿದ್ದೇನೆ. ಅದರ ಕಿಟಕಿ ರಸ್ತೆಯ ಕಡೆಗಿಲ್ಲ, ಪಕ್ಕದ ಮನೆಯ ಸಂಪಿಗೆ ಮರದ ಕಡೆಗಿದೆ.